ಪಿಳ್ಳಮ್ಮನ ಮರೆಸೊಪ್ಪು

ಪಿಳ್ಳಮ್ಮ ಕೆಲಸವಿಲ್ಲದೆ ಕೂತದ್ದನ್ನು ಸುಬ್ರಹ್ಮಣ್ಯಪುರದ ಆ ರಸ್ತೆಯಲ್ಲಿ ನೋಡಿದವರು ಯಾರೂ ಇಲ್ಲ. ಕಾಫಿ ಕುಡಿಯುವುದು ನಿಂತೇ. ಊಟದ ನಡುವೆ ಎದ್ದು ಹೋಗಿ ಗೇಟು ಹಾಕಿದೆಯೋ ಇಲ್ಲವೋ ನೋಡಿ ಬರುತ್ತಾಳೆ. ಮಾತಾಡುತ್ತಾ ಆಡುತ್ತಾ ಮೆಟ್ಟಿಲ ಮೇಲಿನ ಬಾಡಿಗೆಯವರ ಚಪ್ಪಲಿಗಳನ್ನೆಲ್ಲ ಜೋಡಿಸಿಡುತ್ತಾಳೆ. ಗಂಡ ಬೈರಣ್ಣನದು ಇದಕ್ಕೆ ತದ್ವಿರುದ್ಧ ಜಾತಕ. ಬೆಳಿಗ್ಗೆ ಪೇಪರ್ ಹಿಡಿದು ಕುರ್ಚಿಗೆ ಬಿದ್ದರೆ ಊಟಕ್ಕೆ ಕರೆಯುವ ತನಕ ಏಳುವ ಆಸಾಮಿಯಲ್ಲ. "ನನ್ನ ಪಾಲಿಂದೂ ಅವ್ಳೇ ಓಡಾಡ್ತಾಳೆ, ಅವ್ಳ ಪಾಲಿಂದೂ ನಾನೇ ಕೂತ್ಕೋತೀನಿ" ಎಂದು ಬಂದವರ ಮುಂದೆ ಹೇಳಿ ನಗುತ್ತಾನೆ.

ಒಂದು ಕಾಲಕ್ಕೆ ರಾಗಿ, ಹುರುಳಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಇವರ ಮೂರಂತಸ್ತಿನ ಮನೆಯಿದೆ. ಕೆಳಗೆ ಮಗ ರವಿಕಿರಣನ ಹಾರ್ಡ್‌ವೇರ್ ಅಂಗಡಿ, ಮೇಲೆ ಬಾಡಿಗೆಯವರು. ಹೊಲ ಹೋಯಿತು, ಎತ್ತು ಹೋದವು, ಆದರೆ ಪಿಳ್ಳಮ್ಮನ ಮದ್ದು ಮಾತ್ರ ಉಳಿಯಿತು. ಭಾನುವಾರ ಬೆಳಿಗ್ಗೆ ಗೇಟಿನ ಮುಂದೆ ಮಂಡಿ ಊದಿದವರು, ಕೀಲು ಹಿಡಿದವರು ಬಂದು ನಿಲ್ಲುತ್ತಾರೆ. ಕತ್ರಿಗುಪ್ಪೆಯಿಂದ ಆಟೋದಲ್ಲಿ ಬರುವವರಿದ್ದಾರೆ, ಶ್ರೀನಗರದಿಂದ ಮಗನ ಕಾರಿನಲ್ಲಿ ಬರುವ ರಿಟೈರ್ಡ್ ಮೇಷ್ಟ್ರಿದ್ದಾರೆ. ಪಿಳ್ಳಮ್ಮ ಸೊಪ್ಪು ಅರೆದು, ಬೆಚ್ಚಗೆ ಮಾಡಿ, ಮಂಡಿಗೆ ಮೆತ್ತಿ ಬಟ್ಟೆ ಸುತ್ತಿ ಕಳಿಸುತ್ತಾಳೆ. ದುಡ್ಡು ಮುಟ್ಟುವುದಿಲ್ಲ. ವೀಳ್ಯದೆಲೆ ಕೊಟ್ಟರೆ ತೆಗೆದುಕೊಳ್ಳುತ್ತಾಳೆ, ಅಷ್ಟೇ.

ಈ ಮದ್ದಿಗೆ ಒಂದು ಕಟ್ಟುಪಾಡಿದೆ. ಸೊಪ್ಪಿನ ಹೆಸರು ಯಾರಿಗೂ ಹೇಳಬಾರದು, ಹೇಳಿದರೆ ಗುಣ ಹೋಗುತ್ತದೆ. ಅದಕ್ಕೇ ಅರೆಯುವಾಗ ಅದರ ಜೊತೆಗೆ ಇನ್ನೊಂದು ಸೊಪ್ಪು ಸೇರಿಸುವುದು. ಕದ್ದು ನೋಡುವವರಿಗೆ ಯಾವುದು ಮದ್ದು ಯಾವುದು ಅಲ್ಲ ಎಂದು ತಿಳಿಯದಿರಲಿ ಎಂದು. ಹೀಗೆ ಮರೆಗೆ ಹಾಕುವ ಸೊಪ್ಪಿಗೆ ಅವರ ಮನೆಯಲ್ಲಿ ಮರೆಸೊಪ್ಪು ಎಂದೇ ಹೆಸರು. ಪಿಳ್ಳಮ್ಮನ ಮರೆಸೊಪ್ಪು ಗೇಟಿನ ಎದುರಿಗಿರುವ ಹೊಂಗೆ ಮರದ ಎಲೆ. ನಿಜವಾದ ಮದ್ದಿನ ಸೊಪ್ಪು ಯಾವುದು ಎಂದು ಕೇಳಬೇಡಿ, ನಾನೂ ಹೇಳುವವನಲ್ಲ.

ಇದನ್ನೆಲ್ಲ ಅವಳಿಗೆ ಕಲಿಸಿದ್ದು ಅತ್ತೆ ಪುಟ್ಟತಾಯಮ್ಮ. ಮಹಾ ಗಟ್ಟಿಗಿತ್ತಿ, ಸೊಂಟದ ಬೀಗದಕೈ ಗೊಂಚಲು ಮಲಗಿದಾಗಲೂ ಬಿಚ್ಚಿದವಳಲ್ಲ. ಹಾಸಿಗೆ ಹಿಡಿದ ಮೇಲೆ, ಇನ್ನು ಏಳುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಸೊಸೆಯನ್ನು ಹತ್ತಿರ ಕರೆದು ಹೊಲದ ಬದುವಿನ ಪೊದೆಯ ಹೆಸರನ್ನು ಕಿವಿಯಲ್ಲಿ ಹೇಳಿದಳು. "ಅದೇ ಮದ್ದು. ಹೊಂಗೆ ಬರೀ ಮರೆಗೆ. ನೀನೂ ಕೊನೇಗಾಲಕ್ಕೇ ಹೇಳು, ಅದೂ ಒಬ್ಬಳಿಗೇ" ಎಂದು ಭಾಷೆ ತೆಗೆದುಕೊಂಡಳು. ಪಿಳ್ಳಮ್ಮ ಆ ಭಾಷೆಯನ್ನು ತಾಳಿಯಷ್ಟೇ ಜೋಪಾನವಾಗಿ ಇಟ್ಟುಕೊಂಡಳು. ಅತ್ತೆ ತನ್ನನ್ನು ನಂಬಿ ಒಪ್ಪಿಸಿದ ಒಂದೇ ಒಂದು ವಸ್ತು ಅದು.

ಹಾಗಾಗಿ ಸೊಸೆ ರಮ್ಯಳನ್ನು ಅವಳು ಅರೆಯುವ ಕಲ್ಲಿನ ಹತ್ತಿರ ಬಿಟ್ಟುಕೊಂಡವಳಲ್ಲ. ರಮ್ಯ ಹತ್ತಿರದ ಶಾಲೆಯಲ್ಲಿ ಟೀಚರು, ಕೈ ಚುರುಕು, ಬಾಯಿ ಇನ್ನೂ ಚುರುಕು. ಮದುವೆಯಾದ ಹೊಸದರಲ್ಲಿ "ನಾನು ಅರೀತೀನಿ ಬಿಡಿ ಅತ್ತೆ" ಎಂದು ಬಂದು ಕೂತಿದ್ದಳು. ಪಿಳ್ಳಮ್ಮ ಸೊಪ್ಪನ್ನು ಸೆರಗಿನಲ್ಲಿ ಮುಚ್ಚಿ "ನಿನ್ ಕೆಲ್ಸ ನೋಡ್ಕೋ ಹೋಗು" ಎಂದಳು. ಆಮೇಲೆ ರಮ್ಯ ಆ ಕಡೆ ತಲೆ ಹಾಕಲಿಲ್ಲ. "ಬಾಡಿಗೆಯವರನ್ನ ನಂಬ್ತಾರೆ, ನಮ್ಮನ್ನಲ್ಲ" ಎಂದು ಗಂಡನ ಹತ್ತಿರ ಗೊಣಗಿದ್ದು ಪಿಳ್ಳಮ್ಮನ ಕಿವಿಗೂ ಬಿದ್ದಿತ್ತು. ಬಿದ್ದರೂ ಕೇಳದವಳಂತೆ ಇದ್ದಳು.

ಈ ವರ್ಷ ಪಿಳ್ಳಮ್ಮನ ಓಡಾಟಕ್ಕೆ ಒಂದು ನಿಜವಾದ ಕಾರಣ ಸಿಕ್ಕಿತು. ಮದ್ದಿನ ಸೊಪ್ಪು ಉಳಿದಿದ್ದುದು ಒಂದೇ ಕಡೆ, ಅವರೇ ಮಾರಿದ ಹೊಲದ ಮೂಲೆಯ ಹಳೇ ಬದುವಿನಲ್ಲಿ. ಆ ಜಾಗದ ಸುತ್ತ ಈಗ ಬಿಲ್ಡರ್ ತಗಡು ನಿಲ್ಲಿಸಿದ್ದ. ತಗಡಿನ ಸಂದಿಯಲ್ಲಿ ನುಸುಳಿ, ವಾಚ್‌ಮನ್‌ಗೆ ಎರಡು ಒಳ್ಳೆಯ ಮಾತಾಡಿ, ಪಿಳ್ಳಮ್ಮ ವಾರವಾರವೂ ಸೊಪ್ಪು ತರುತ್ತಿದ್ದಳು. ತಾರಸಿಯ ಕುಂಡದಲ್ಲಿ ಕಡ್ಡಿ ನೆಟ್ಟು ನೋಡಿದಳು, ಚಿಗುರಲಿಲ್ಲ. ಬೇರು ಸಮೇತ ತಂದು ಇಟ್ಟಳು, ಬಾಡಿತು. ಇನ್ನೇನು ಜೆಸಿಬಿ ಬರುತ್ತದೆ, ಬೇಸ್‌ಮೆಂಟ್ ತೋಡುತ್ತಾರೆ ಎಂದು ವಾಚ್‌ಮನ್ ಹೇಳಿದ ದಿನದಿಂದ ಅವಳು ರಾತ್ರಿಯೂ ಎದ್ದು ತಾರಸಿಯ ಕುಂಡ ನೋಡಿ ಬರತೊಡಗಿದಳು. ಪೊದೆ ಹೋದರೆ ಮದ್ದು ಹೋಯಿತು, ಮದ್ದು ಹೋದರೆ ಅತ್ತೆಗೆ ಕೊಟ್ಟ ಭಾಷೆ ಇದ್ದೂ ಏನು ಬಂತು?

ಆ ಹೊತ್ತಿಗೆ ತಾರಸಿಯ ರೂಮಿಗೆ ವಿಜಯಲಕ್ಷ್ಮಿ ಬಂದಿದ್ದಳು. ಗದಗದ ಕಡೆಯ ಹುಡುಗಿ. ಮೊದಲು ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದು, ದಿನಾ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಬನಶಂಕರಿಯ ಕಾಲೇಜಿಗೆ ಬರುವುದು ಸಾಕಾಗಿ ಇಲ್ಲಿಗೆ ಬಂದವಳು. ಪಿಎಚ್‌ಡಿ ಮಾಡುತ್ತಿದ್ದಾಳೆ ಎಂದಷ್ಟೇ ಮನೆಯವರಿಗೆ ಗೊತ್ತಿತ್ತು. ಪಿಳ್ಳಮ್ಮನಿಗೆ ಅಷ್ಟು ಸಾಲದು. ಒಂದು ದಿನ ತಟ್ಟೆಯಲ್ಲಿ ಅಕ್ಕಿರೊಟ್ಟಿ ಹಾಕಿಕೊಂಡು ಹತ್ತಿ ಹೋಗಿ, ರೊಟ್ಟಿ ಆರುವ ಮುಂಚೆ ವಿಷಯ ಕೆದಕಿದಳು.

"ಗಿಡದಾಗಿನ ವಸ್ತು ಬ್ಯಾರೆ ಮಾಡಿ, ಅದು ಉರಿಯೂತದ ಕಿಣ್ವಾನ ತಡೀತದೋ ಇಲ್ಲೋ ನೋಡತೀನ್ರಿ ಆಂಟಿ" ಎಂದಳು ವಿಜಯಲಕ್ಷ್ಮಿ.

"ಅದೇನು ಕಿಣ್ವ ಅಂದ್ರೆ?"

"ಈಗ ನಿಮ್ಮ ಮಣಕಾಲಿಗೆ ಪೆಟ್ಟು ಬಿತ್ತು ಅಂತ ತಿಳೀರಿ. ಮೈಯೊಳಗ ಒಬ್ಬ ಕೆಲಸಗಾರ ಇರತಾನ. ಊತ, ನೋವು ತರೋ ವಸ್ತು ತಯಾರ ಮಾಡೋದು ಅವಂದ ಕೆಲಸ. ನಾವು ನೋವಿನ ಗುಳಿಗಿ ನುಂಗತೀವಲ್ಲ, ಅದು ಹೋಗಿ ಅವನ ಕೈ ಹಿಡಕೋತದ. ಆ ಕೆಲಸಗಾರನ ಹೆಸರ ಕಿಣ್ವ. ಅವನ ಕೈ ಹಿಡಿಯೋದು ಯಾವ ಎಲಿಯೊಳಗ ಐತಿ ಅಂತ ಹುಡುಕತೀನ್ರಿ."

"ನಮ್ಮ ಮದ್ದು ಅವನ ಕೈ ಹಿಡ್ಯೋದಿರ್ಲಿ, ಮುರಿಯುತ್ತೆ ಕಣಮ್ಮ" ಎಂದಳು ಪಿಳ್ಳಮ್ಮ.

ಅಂದುಬಿಟ್ಟಳೇನೋ ಸರಿ, ಮೆಟ್ಟಿಲಿಳಿಯುವಾಗಲೇ ತಲೆಯಲ್ಲಿ ಹುಳ ಬಿಟ್ಟುಕೊಂಡಳು. ಎಲೆಯೊಳಗಿನ ವಸ್ತು ಯಾವುದೆಂದು ತಿಳಿದುಬಿಟ್ಟರೆ, ಪೊದೆ ಹೋದರೂ ಆ ವಸ್ತು ಬೇರೆ ಎಲ್ಲಾದರೂ ಸಿಗುತ್ತದೆ ಎಂದು ಹುಡುಗಿ ಹೇಳಿದ್ದಳು. ಹೆಸರು ಹೇಳಬಾರದು, ನಿಜ. ಅರೆದ ಮದ್ದನ್ನು ಕೊಡಬಾರದು ಎಂದು ಅತ್ತೆ ಎಲ್ಲಿ ಹೇಳಿದ್ದಳು? ಭಾನುವಾರ ಊರಿಗೆಲ್ಲ ಮೆತ್ತುವುದನ್ನು ಈ ಹುಡುಗಿಗೂ ಒಂದು ಹಿಡಿ ಕೊಟ್ಟರೆ ಯಾವ ಭಾಷೆ ಮುರಿಯುತ್ತದೆ? ಹೀಗೆ ತನಗೆ ತಾನೇ ವಕೀಲಿ ಮಾಡಿಕೊಂಡು, ಮುಂದಿನ ಭಾನುವಾರ ಸ್ಟೀಲ್ ಡಬ್ಬಿಯಲ್ಲಿ ಮದ್ದು ತುಂಬಿ ಕೊಟ್ಟಳು.

"ಒಂದ ಎಲಿ ಏನ್ರಿ ಇದು?" ಎಂದು ವಿಜಯಲಕ್ಷ್ಮಿ ಕೇಳಿದಳು.

"ಮದ್ದು ಒಂದೇ" ಎಂದಳು ಪಿಳ್ಳಮ್ಮ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅವಳ ಪಾಲಿಗೆ ಮರೆಸೊಪ್ಪು ಲೆಕ್ಕಕ್ಕೇ ಇಲ್ಲ. ಇಡ್ಲಿಯಲ್ಲಿ ಏನೇನು ಇದೆ ಎಂದು ಕೇಳಿದರೆ ತಟ್ಟೆಗೆ ಹಾಸಿದ ಬಟ್ಟೆಯನ್ನು ಯಾರಾದರೂ ಹೇಳುತ್ತಾರೆಯೇ?

ಅಲ್ಲಿಂದ ಶುರುವಾಯಿತು ನೋಡಿ. ವಿಜಯಲಕ್ಷ್ಮಿ ಸಂಜೆ ಗೇಟು ತೆಗೆದರೆ ಸಾಕು, ಪಿಳ್ಳಮ್ಮ ಕೈಯಲ್ಲಿ ಪೊರಕೆಯನ್ನೋ ಸೌಟನ್ನೋ ಹಿಡಿದು ಎದುರು ನಿಂತಿರುತ್ತಿದ್ದಳು. ಏನಾಯ್ತು? ಒಣಗಿಸಿ ಪುಡಿ ಮಾಡೇನ್ರಿ. ಮರುದಿನ, ಏನಾಯ್ತು? ಸ್ಪಿರಿಟ್ಟಿನಾಗ ನೆನಸೇನ್ರಿ. ಮರುದಿನ, ಇನ್ನೂ ನೆನೀತಿದ್ಯಾ, ಅದೇನು ಅವರೆಕಾಳಾ? ಬೈರಣ್ಣ ಪೇಪರಿನ ಹಿಂದಿನಿಂದ "ಆ ಮಗೂನ ಬದುಕೋಕೆ ಬಿಡೆ" ಎನ್ನುತ್ತಿದ್ದ. ಪಿಳ್ಳಮ್ಮ ತಗಡಿನ ಬೇಲಿಗೂ ಮನೆಯ ಗೇಟಿಗೂ ನಡುವೆ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತಿದ್ದಳೋ ಅವಳಿಗೇ ತಿಳಿಯದು. ಪೊದೆ ಇದೆಯಾ ನೋಡುವುದು, ಹುಡುಗಿ ಬಂದಳಾ ನೋಡುವುದು.

ಕೊನೆಗೊಂದು ಮಧ್ಯಾಹ್ನ ತಡೆಯಲಾರದೆ ಕಾಲೇಜಿಗೇ ಹೋಗಿಬಿಟ್ಟಳು. ವಿಜಯಲಕ್ಷ್ಮಿ ಕಂಗಾಲಾದರೂ ಒಳಗೆ ಕರೆದು, ಚಿಕ್ಕ ಚಿಕ್ಕ ಗುಳಿಗಳಿದ್ದ ಒಂದು ಪ್ಲಾಸ್ಟಿಕ್ ತಟ್ಟೆ ತೋರಿಸಿದಳು. ಪಡ್ಡು ಮಾಡುವ ಕಾವಲಿಯನ್ನು ಬೊಂಬೆಯಾಟಕ್ಕೆ ಚಿಕ್ಕದು ಮಾಡಿದ ಹಾಗಿತ್ತು. ಕಿಣ್ವ ಕೆಲಸ ಮಾಡಿದ ಗುಳಿಯಲ್ಲಿ ನೀಲಿ ಬಣ್ಣ ಬರುತ್ತದೆ, ಅದರ ಕೈ ಕಟ್ಟಿದರೆ ಬಣ್ಣ ಬರುವುದಿಲ್ಲ. ಒಂದು ಸಾಲು ಕಡುನೀಲಿ. ಪಕ್ಕದ ಸಾಲಿನಲ್ಲಿ ಪಿಳ್ಳಮ್ಮನ ಮದ್ದು ಹಾಕಿದ್ದು, ತಿಳಿನೀರು.

ಪಿಳ್ಳಮ್ಮನ ಕಣ್ಣು ತುಂಬಿತು. ಅತ್ತೆಯನ್ನು ನೆನೆದು ಅಲ್ಲೇ ಕೈಮುಗಿದಳು.

"ತಡೀರಿ ಆಂಟಿ, ಈಗಲೇ ಖುಷಿ ಪಡಬ್ಯಾಡ್ರಿ. ಒಗರು ಇರೋ ಎಲಿ ಯಾವುದಾದ್ರೂ ಕಿಣ್ವಾನ ಕಟ್ಟಿ ಹಾಕತೈತಿ. ಚಾದ ಡಿಕಾಕ್ಷನ್ ಹಾಕಿದ್ರೂ ಹಿಂಗ ಆಗತೈತಿ. ಅದು ಮದ್ದಲ್ಲರಿ. ಒಗರು ತೆಗದು ಮತ್ತ ನೋಡಬೇಕು."

ಒಗರು ತೆಗೆಯುವುದಕ್ಕೆ ಇನ್ನಷ್ಟು ದಿನ ಹಿಡಿಯಿತು. ಆ ದಿನಗಳಲ್ಲಿ ಪಿಳ್ಳಮ್ಮ ಚಹಾ ಮುಟ್ಟಲಿಲ್ಲ, ಅದು ಪ್ರತಿಕಕ್ಷಿ ಎಂಬಂತೆ. ಕಡೆಗೆ ಹುಡುಗಿ ನಗುತ್ತಾ ಬಂದಳು. ಒಗರು ತೆಗೆದ ಮೇಲೂ ಗುಳಿ ತಿಳಿಯಾಗಿಯೇ ಉಳಿದಿತ್ತು. ಒಳಗೆ ಏನೋ ಇದೆ, ಗಟ್ಟಿಯಾದದ್ದೇ ಇದೆ, ಗೈಡ್ ಕೂಡ ಒಪ್ಪಿದ್ದಾರೆ ಎಂದಳು. ಪಿಳ್ಳಮ್ಮ ಸಿಹಿ ಸಜ್ಜಪ್ಪ ಕರಿದು ಓಣಿಯಲ್ಲೆಲ್ಲ ಹಂಚಿದಳು. ಯಾಕೆಂದು ಕೇಳಿದವರಿಗೆ "ಸುಮ್ನೆ" ಎಂದಳು.

ಆದರೆ ಹುಡುಗಿಯ ಮುಂದಿನ ಮಾತು ಅವಳ ನೆಮ್ಮದಿಯನ್ನು ಮತ್ತೆ ಕದಡಿತು. ವಸ್ತುವನ್ನು ಬೇರೆ ಮಾಡಬೇಕಾದರೆ ಅರೆದ ಮದ್ದು ಸಾಲದು, ಎಲೆಯೇ ಬೇಕು. ಅಡುಗೆಮನೆಯ ಬೇರೇನೂ ತಗಲಿರಬಾರದು. ಪಿಳ್ಳಮ್ಮ ಎರಡು ದಿನ ಯಾರ ಹತ್ತಿರವೂ ನೆಟ್ಟಗೆ ಮಾತಾಡಲಿಲ್ಲ. ಎಲೆ ಕೊಟ್ಟರೆ ಓದಿದ ಹುಡುಗಿ ಹೆಸರು ಪತ್ತೆ ಮಾಡದೆ ಬಿಡುತ್ತಾಳೆಯೇ? ಕೊಡದಿದ್ದರೆ ಜೆಸಿಬಿ ಬರುತ್ತದೆ. ಮೂರನೆಯ ದಿನ ವಾಚ್‌ಮನ್ ಅಡ್ಡಗಟ್ಟಿ "ಅಮ್ಮಾ, ಸೋಮವಾರ ಗಾಡಿ ಬರುತ್ತೆ" ಎಂದ. ಅವಳು ತಗಡಿನೊಳಗೆ ನುಗ್ಗಿ ಪೊದೆಯನ್ನು ಬುಡದವರೆಗೆ ಸವರಿ ಹೊರೆ ಕಟ್ಟಿ ತಂದಳು. ಅರ್ಧ ತನ್ನ ಭಾನುವಾರಗಳಿಗೆಂದು ನೆರಳಿನಲ್ಲಿ ಒಣಹಾಕಿದಳು. ಉಳಿದರ್ಧವನ್ನು ಒಣಗಿಸಿ, ತಿಕ್ಕಿ ಪುಡಿ ಮಾಡಿ, ಆಕಾರ ತಿಳಿಯದಂತೆ ಮಾಡಿ, ವಿಜಯಲಕ್ಷ್ಮಿಯ ಕೈಗಿಟ್ಟಳು. "ಇದೇ ನಿಜ ಕಣಮ್ಮ. ಅಪ್ಪಟ" ಎಂದಳು.

ಹೊಂಗೆ ಸೇರಿಸಲಿಲ್ಲ. ಯಾಕೆ ಸೇರಿಸಬೇಕು, ಈಗ ಯಾರ ಕಣ್ಣು ತಪ್ಪಿಸಬೇಕಿತ್ತು?

ಪುಡಿಯ ಪರೀಕ್ಷೆ ಮುಗಿಸಿ ಬಂದ ದಿನ ಹುಡುಗಿಯ ಮುಖ ಇಷ್ಟೇ ಆಗಿತ್ತು. ಗೇಟಿನಲ್ಲಿ ನಿಂತೇ ಹೇಳಿದಳು. "ಇದರಾಗ ಏನೂ ಇಲ್ಲರಿ ಆಂಟಿ. ಎಲ್ಲಾ ಗುಳಿ ನೀಲಿ ಆಗ್ಯಾವ. ಮತ್ತ ಮತ್ತ ಮಾಡೇನಿ."

"ಸರಿಯಾಗಿ ನೋಡಿದ್ಯೇನಮ್ಮ?"

"ನೋಡೇನ್ರಿ." ಅವಳು ನೆಲ ನೋಡುತ್ತಾ ಕೇಳಿದಳು. "ನೀವು ಬ್ಯಾರೆ ಎಲಿ ಕೊಟ್ಟೀರೇನ್ರಿ? ಹೇಳಾಕ ಮನಸಿಲ್ಲಂದ್ರ ನನಗ ಹಂಗ ಹೇಳಬಹುದಿತ್ರಿ. ಗೈಡ್ ಮುಂದ ನಾ ಏನಂತ ಹೇಳ್ಲಿ?"

ಪಿಳ್ಳಮ್ಮನಿಗೆ ಮೈಯೆಲ್ಲ ಉರಿಯಿತು. ಜನ್ಮದಲ್ಲಿ ಮೊದಲ ಸಲ ಮನೆಯ ಗುಟ್ಟನ್ನು ಹೊರಗಿನವಳಿಗೆ ಕೊಟ್ಟು, ಕೊನೆಗೆ ಸುಳ್ಳಿ ಎನಿಸಿಕೊಳ್ಳುವುದೇ? "ನಮ್ಮನೇಲಿ ಮದ್ದಿನ ವಿಷ್ಯದಲ್ಲಿ ಯಾರೂ ಮೋಸ ಮಾಡಲ್ಲ" ಎಂದು ಗದರಿ ಒಳಗೆ ಹೋದಳು. ಪಾತ್ರೆಗಳನ್ನು ತೊಳೆದವಳು ಮತ್ತೆ ತೊಳೆದಳು. ಅರೆಯುವ ಕಲ್ಲನ್ನೂ ತೊಳೆಯಲು ಹೋದಳು. ಅದರ ಸಂದಿಯಲ್ಲಿ ಹೊಂಗೆಯ ಹಸಿರು ಇನ್ನೂ ಅಂಟಿಕೊಂಡಿತ್ತು. ಉಗುರಿನಿಂದ ಕೆರೆಯುತ್ತಿದ್ದ ಕೈ ಅಲ್ಲಿಗೇ ನಿಂತಿತು.

ಡಬ್ಬಿಯ ಮದ್ದಿನಲ್ಲಿ ಹೊಂಗೆ ಇತ್ತು. ಪುಡಿಯಲ್ಲಿ ಇರಲಿಲ್ಲ.

ಬೇಡ ಬೇಡವೆಂದರೂ ಹಳೆಯದೆಲ್ಲ ನೆನಪಾಯಿತು. ಬದುವಿನ ಪೊದೆಯ ಸೊಪ್ಪನ್ನು ಅತ್ತೆ ಹೇಗೆ ತರಿಸುತ್ತಿದ್ದಳು? "ಕೈಗೆ ಸಿಕ್ಕಷ್ಟು ಎಳ್ಕೊಂಡು ಬಾ" ಎನ್ನುತ್ತಿದ್ದಳು. ಹೊಂಗೆಗೆ ಮಾತ್ರ ಸಾವಿರ ನಿಯಮ. ಎಳೆಯದೇ ಆಗಬೇಕು, ಬಿಸಿಲು ಬೀಳುವ ಮುಂಚೆ ಕೀಳಬೇಕು, ಹುಳ ಕಚ್ಚಿದ್ದು ಬೇಡ, ಪೊದೆಯ ಸೊಪ್ಪಿಗಿಂತ ಹೊಂಗೆಯೇ ಜಾಸ್ತಿ ಇರಬೇಕು. ಅತ್ತೆ ಕಿವಿಯಲ್ಲಿ ಹೆಸರು ಹೇಳಿದ ದಿನ ಪಿಳ್ಳಮ್ಮ ಕೇಳಿಯೂ ಇದ್ದಳು, ಮರೆಗೆ ಹಾಕುವ ಸೊಪ್ಪಿಗೆ ಇಷ್ಟೊಂದು ಮಡಿ ಯಾಕೆ ಎಂದು. ಪುಟ್ಟತಾಯಮ್ಮ ಅವಳನ್ನು ದುರುಗುಟ್ಟಿ ನೋಡಿ, "ಮರೆ ಅಂದ್ಮೇಲೆ ದಪ್ಪಗಿರ್ಬೇಕು" ಎಂದಿದ್ದಳು.

ಅತ್ತೆ ಮರೆ ಮಾಡಿದ್ದು ಊರವರ ಕಣ್ಣಿಗಲ್ಲ, ಪಿಳ್ಳಮ್ಮನ ಕಣ್ಣಿಗೆ. ಸಾಯುವ ಹೊತ್ತಿನಲ್ಲೂ ಸೊಸೆಯನ್ನು ನಂಬದೆ, ಕೈಗೆ ಖಾಲಿ ಡಬ್ಬಿ ಕೊಟ್ಟು ಬೀಗ ಹಾಕಿಸಿ ಹೋಗಿದ್ದಳು. ಪಿಳ್ಳಮ್ಮನಿಗೆ ಅಳು ಬಂತು. ಮದ್ದು ಹೋಯಿತೆಂದಲ್ಲ, ಅತ್ತೆಗೆ ತನ್ನ ಮೇಲೆ ನಂಬಿಕೆ ಇರಲೇ ಇಲ್ಲವಲ್ಲ ಎಂದು. ಆ ಪೊದೆಗಾಗಿ ಹಾವು ಹುಳ ಎನ್ನದೆ ಬದು ಸುತ್ತಿದ್ದು, ಜ್ವರದಲ್ಲೂ ಎದ್ದು ಹೋಗಿದ್ದು, ತಗಡಿನ ಸಂದಿಯಲ್ಲಿ ನುಸುಳಿ ಮೊಣಕೈ ಕೊಯ್ದುಕೊಂಡದ್ದು ಎಲ್ಲ ಒಟ್ಟಿಗೆ ಎದುರು ಬಂದು ನಿಂತವು. ಬೈರಣ್ಣ ಬಾಗಿಲಿಗೆ ಬಂದು "ಏನಾಯ್ತೇ?" ಎಂದ. ಅವನು ತಾನಾಗಿ ಕುರ್ಚಿ ಬಿಟ್ಟು ಎದ್ದಿದ್ದನ್ನು ಅವಳು ಗಮನಿಸಲೂ ಇಲ್ಲ.

"ನಿಮ್ಮವ್ವ ನನ್ನ ನಂಬ್ತಿದ್ರಾ?" ಎಂದು ಕೇಳಿದಳು.

ಬೈರಣ್ಣ ಕೈಯಲ್ಲಿದ್ದ ಪೇಪರನ್ನು ಮಡಚಿದ. "ನಮ್ಮವ್ವ ನನ್ನೂ ನಂಬ್ತಿರ್ಲಿಲ್ಲ ಬಿಡು" ಎಂದ.

ಆ ವಾರವೆಲ್ಲ ಪಿಳ್ಳಮ್ಮ ಒಳಗೂ ಹೊರಗೂ ತಿರುಗಿದಳು. ಹೇಳದೆ ಇದ್ದುಬಿಡಬಹುದಿತ್ತು. ಹುಡುಗಿ ಸುಳ್ಳಿ ಎಂದುಕೊಂಡರೆ ಅಂದುಕೊಳ್ಳಲಿ, ಮನೆಯ ಗುಟ್ಟಾದರೂ ಗುಟ್ಟಾಗಿ ಉಳಿಯುತ್ತದೆ. ಬಾಡಿಗೆಯವರು ದಿನವೂ ತುಳಿದು ಹೋಗುವ, ಪೌರಕಾರ್ಮಿಕರು ಗುಡಿಸಿ ಗಾಡಿಗೆ ತುಂಬುವ ಎಲೆಯೇ ಮದ್ದೆಂದು ಯಾವ ಬಾಯಿಂದ ಹೇಳುವುದು? ಆದರೆ ಮೇಲಿನ ರೂಮಿನ ಹುಡುಗಿ ಈಗ ಮೆಟ್ಟಿಲಿಳಿಯುವಾಗ ಮುಖ ತಿರುಗಿಸಿ ಹೋಗುತ್ತಿದ್ದಳು. ನಂಬದವರ ಬೆನ್ನು ನೋಡುವ ಸಂಕಟ ಏನೆಂದು ಪಿಳ್ಳಮ್ಮನಿಗೆ ಚೆನ್ನಾಗಿ ಗೊತ್ತಾಗಿತ್ತು.

ಶನಿವಾರ ಬಿಸಿಲು ಬೀಳುವ ಮುಂಚೆ ಹೊಂಗೆಯ ಎಳೆಯ ಕೊಂಬೆಯೊಂದನ್ನು ಮುರಿದುಕೊಂಡು ತಾರಸಿಗೆ ಹತ್ತಿದಳು. "ಇದನ್ನೂ ನೋಡು. ಅವತ್ತು ಡಬ್ಬೀಲಿ ಇದೂ ಇತ್ತು. ಇದು ಮದ್ದಲ್ಲ ಅಂತ ನಂಗೆ ಹೇಳಿದ್ರು, ಅದಕ್ಕೇ ನಿಂಗೂ ಹೇಳ್ಲಿಲ್ಲ" ಎಂದಳು. ವಿಜಯಲಕ್ಷ್ಮಿ ಕೊಂಬೆಯನ್ನೂ ಅವಳನ್ನೂ ನೋಡಿ, ಎರಡೂ ಕೈಯಲ್ಲಿ ತೆಗೆದುಕೊಂಡಳು.

ವಾಚ್‌ಮನ್ ಹೇಳಿದ್ದ ಜೆಸಿಬಿ ಅಷ್ಟರೊಳಗೇ ಬಂದು ಬದುವನ್ನು ಅಗೆದು ಹಾಕಿತ್ತು. ಪಿಳ್ಳಮ್ಮ ನೋಡಲು ಹೋಗಲಿಲ್ಲ. ಸದ್ದು ಮಾತ್ರ ದಿನವಿಡೀ ಕೇಳುತ್ತಿತ್ತು, ಅವಳು ಕಿಟಕಿಗಳನ್ನು ಮುಚ್ಚುವುದು ತೆರೆಯುವುದು ಮಾಡುತ್ತಿದ್ದಳು.

ಕೆಲವು ದಿನಗಳ ಮೇಲೆ ಹುಡುಗಿ ಸುದ್ದಿ ತಂದಳು. ಹೊಂಗೆಯ ಗುಳಿಗಳು ತಿಳಿಯಾಗಿದ್ದವು, ಒಗರು ತೆಗೆದ ಮೇಲೂ. ಪಿಳ್ಳಮ್ಮ ನಿರೀಕ್ಷಿಸಿದ್ದೂ ಅದನ್ನೇ.

"ತಪ್ಪು ತಿಳ್ಕೋಬ್ಯಾಡ್ರಿ ಆಂಟಿ" ಎಂದಳು ವಿಜಯಲಕ್ಷ್ಮಿ. "ನಾ ಕೇಳಿದ್ದು ಒಂದ ಕಿಣ್ವಕ್ಕ. ಮೈಯೊಳಗ ಅಂಥಾವು ಬ್ಯಾರೆನೂ ಅದಾವ. ನೀವು ಪುಡಿ ಮಾಡಿ ಕೊಟ್ಟ ಆ ಎಲಿ ಮತ್ತೇನರ ಮಾಡತಿರಬಹುದು, ಅದನ್ನ ನಾ ಕೇಳೇ ಇಲ್ಲರಿ. ಮತ್ತ ಗುಳಿಯೊಳಗ ಆಗೋದು ಬ್ಯಾರೆ, ಮಣಕಾಲಾಗ ಆಗೋದು ಬ್ಯಾರೆ. ಇನ್ನೂ ಬಾಳ ದೂರ ಐತಿ."

"ಹಂಗಾದ್ರೆ ನಮ್ಮತ್ತೆ ಸುಳ್ಳು ಹೇಳಿದ್ರು ಅಂತ್ಲಾ, ನಿಜ ಹೇಳಿದ್ರು ಅಂತ್ಲಾ?"

"ಅದನ್ನ ನನ್ನ ಗುಳಿ ತಟ್ಟಿ ಹೇಳೂದಿಲ್ಲರಿ" ಎಂದಳು ಹುಡುಗಿ ಮೆಲ್ಲಗೆ.

ಭಾನುವಾರ ಬಂತು. ಗೇಟಿನ ಮುಂದೆ ಮಂಡಿಗಳು ಕಾಯುತ್ತಿದ್ದವು. ಪಿಳ್ಳಮ್ಮ ಹೊಂಗೆಯ ಬುಟ್ಟಿಯನ್ನೂ ಒಣಗಿದ ಸೊಪ್ಪಿನ ಕಡೆಯ ಗಂಟನ್ನೂ ಕಲ್ಲಿನ ಪಕ್ಕಕ್ಕಿಟ್ಟು, ನಿಂತಲ್ಲಿಂದಲೇ "ರಮ್ಯಾ" ಎಂದು ಕರೆದಳು. ರಮ್ಯ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು, ರೂಢಿಯಂತೆ ಹೊಸ್ತಿಲ ಆಚೆಯೇ ನಿಂತಳು.

"ಬಾ ಇಲ್ಲಿ. ಕೂತ್ಕೋ ಕಲ್ಲಿನ ಮುಂದೆ."

"ನಾನಾ?" ರಮ್ಯ ಸುತ್ತ ನೋಡಿದಳು. "ಅತ್ತೆ, ನಿಮಗೆ ಹುಷಾರಿಲ್ವಾ?"

ಕೊನೆಗಾಲಕ್ಕೆ ಮಾತ್ರ ಹೇಳುವ ಮಾತೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವಳು ಹೆದರಿದ್ದು ಅದಕ್ಕೇ. ಪಿಳ್ಳಮ್ಮ ಅವಳ ಭುಜ ಹಿಡಿದು ಕೂರಿಸಿದಳು. ಕಿವಿಯಲ್ಲಿ ಅಲ್ಲ, ಗೇಟಿನಲ್ಲಿ ಕಾಯುತ್ತಿದ್ದ ಮೇಷ್ಟ್ರಿಗೂ ಕೇಳಿಸುವಂತೆ, ಮೊದಲು ಗಂಟಿನಲ್ಲಿದ್ದ ಸೊಪ್ಪಿನ ಹೆಸರು ಹೇಳಿದಳು. ಆಮೇಲೆ ಹೊಂಗೆ ಎಂದಳು. ಎಳೆಯದೇ ಆಗಬೇಕು, ಬಿಸಿಲು ಬೀಳುವ ಮುಂಚೆ ಕೀಳಬೇಕು ಎಂದಳು.

"ಇದ್ರಲ್ಲಿ ಮದ್ದು ಯಾವ್ದು ಅತ್ತೆ, ಮರೆ ಯಾವ್ದು?" ಎಂದು ರಮ್ಯ ಕೇಳಿದಳು.

"ನಂಗೆ ಗೊತ್ತಿಲ್ಲ ಕಣೆ" ಎಂದಳು ಪಿಳ್ಳಮ್ಮ. "ನಂಗೆ ಹೇಳ್ಕೊಟ್ಟೋರು ಪೂರ್ತಿ ಹೇಳ್ಲಿಲ್ಲ. ನಾನು ಗೊತ್ತಿರೋದಷ್ಟನ್ನೂ ನಿಂಗೆ ಹೇಳ್ತಿದೀನಿ."

ರಮ್ಯ ಕಲ್ಲಿನ ಮೇಲೆ ಸೊಪ್ಪು ಹಾಕಿದಳು. ಪಿಳ್ಳಮ್ಮನ ಕೈ ತಾನಾಗಿ ಕಲ್ಲಿನ ಕಡೆ ಹೋಗಿ ಹಿಂದೆ ಬಂತು. ಆಮೇಲೆ ಅವಳು ಸೊಸೆಯ ಪಕ್ಕದ ಮೆಟ್ಟಿಲ ಮೇಲೆ ಕೂತಳು. ಗೇಟಿನಲ್ಲಿದ್ದವರು ಮಾತು ನಿಲ್ಲಿಸಿ ಅತ್ತ ನೋಡಿದರು, ಬೈರಣ್ಣ ಪೇಪರ್ ಇಳಿಸಿದ.